ಹಸಿ ಹುಲ್ಲಿನ ಎಸಳು

ಲಕ್ವ ಹೊಡೆದ ಮೇಲೆ ಅಪ್ಪನಿಗೆ ಮಾತು ಮರಳಿತು, ಕಾಲೂ ಒಂದಿಷ್ಟು ಬಂತು, ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಕೂತಿತು. ಹಂಗಳದಲ್ಲಿ ಬಸ್ಸು ಹತ್ತಿಸಿ, ಗುಂಡ್ಲುಪೇಟೆಯಲ್ಲಿ ಇಳಿಸಿ, ಇನ್ನೊಂದು ಬಸ್ಸಿನಲ್ಲಿ ಚಾಮರಾಜನಗರಕ್ಕೆ ಕರೆದೊಯ್ಯುತ್ತಿದ್ದೆ. ಅಲ್ಲಿ ಫಿಸಿಯೋಥೆರಪಿ ಮಾಡುವ ಹೆಣ್ಣುಮಗಳು ಮುಂಗೈಗೆ ಪಟ್ಟಿ ಅಂಟಿಸಿ ಸಣ್ಣಗೆ ಕರೆಂಟು ಬಿಡುತ್ತಿದ್ದಳು. ಸೂಜಿಯಿಲ್ಲ, ಗಾಯವಿಲ್ಲ, ಬೆರಳು ಬಿಚ್ಚಿಕೊಳ್ಳುತ್ತಿದ್ದವು. ಮೆಷಿನ್ ಬೆರಳು ಬಿಚ್ಚಿಸುವಾಗ ನೀವೂ ಮನಸ್ಸಿಟ್ಟು ಬಿಚ್ಚಬೇಕು ಎಂದು ಪ್ರತಿಸಲ ಹೇಳುತ್ತಿದ್ದಳು.

ಮೊದಲ ದಿನವೇ ಅಪ್ಪ ನನ್ನ ಕಿವಿಯಲ್ಲಿ ಹೇಳಿದ: "ಇದು ನಮ್ ಬೇಲಿ ಕರೆಂಟೇ ಕಣವ್ವ."

ನಮ್ಮ ಹೊಲ ಕಾಡಿನ ಅಂಚಿನದು. ಆನೆಗೆಂದು ಹಾಕಿದ ಸೋಲಾರ್ ಬೇಲಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ನಮ್ಮ ಕಡೆಯವರು ಹಸಿ ಹುಲ್ಲಿನ ಎಸಳು ತಂತಿಗೆ ತಾಗಿಸಿ ನೋಡುತ್ತಾರೆ. ಕೈ ಜುಮ್ಮೆಂದರೆ ಇದೆ; ಒಣ ಹುಲ್ಲಿಗೆ ಕರೆಂಟು ಹತ್ತುವುದಿಲ್ಲ. ಬಸ್ಸಿನ ಗೋಳಿಲ್ಲದೆ ದಿನವೂ ಸಿಗುವ ಮದ್ದು ಹೊಲದಲ್ಲೇ ಇದೆ ಎಂಬುದು ಅಪ್ಪನ ವಾದ. ಇದು ಅಳತೆಯ ಕರೆಂಟು, ಅದು ಆನೆ ಓಡಿಸುವುದು ಎಂದು, ನಾನು ವಿಷಯ ತಿಳಿಸಿದಾಗ, ಫಿಸಿಯೋಥೆರಪಿಯಾಕೆ ಬಿಡಿಸಿ ಹೇಳಿದಳು. ಅಪ್ಪ ಹೂಂ ಹೂಂ ಎಂದ. ಅವನು ಅಷ್ಟು ಬೇಗ ಹೂಂಗುಟ್ಟಿದರೆ ಒಪ್ಪಿಲ್ಲವೆಂದೇ ಅರ್ಥ. ಅವತ್ತಿನಿಂದ ನನಗೆ ಹೆದರಿಕೆ ಹತ್ತಿಕೊಂಡಿತು.

ಅವ್ವನೂ ಹೆದರಿ ನಮ್ಮ ಬೇಲಿಯ ಬ್ಯಾಟರಿ ವೈರು ಕಿತ್ತಿಟ್ಟಳು. ಪಕ್ಕದ ಹೊಲದ್ದು ಬೇರೆ ಕಥೆ. ಹಂದಿ ಕಾಟಕ್ಕೆ ಅದರ ಒಡೆಯ ಸಂಜೆಯಾದರೆ ಕಂಬದಿಂದಲೇ ಲೈನ್ ಕರೆಂಟು ಎಳೆದು ತಂತಿಗೆ ಕೊಡುತ್ತಾನೆ. ಅದು ಜುಮ್ಮೆನ್ನಿಸುವುದಿಲ್ಲ, ಕೊಲ್ಲುತ್ತದೆ. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಆ ಮೌನಕ್ಕೆ ಬೆಂಕಿ ಬೀಳಲಿ.

ಒಂದು ಸಂಜೆ ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸ ಮುಗಿಸಿ ಬಂದರೆ ಅಪ್ಪನ ಮಂಚ ಖಾಲಿ. ಹೊಲಕ್ಕೆ ಓಡಿದೆ. ಪಕ್ಕದವನ ಬೇಲಿಯ ಮುಂದೆ ನಿಂತಿದ್ದ. ಸ್ಪರ್ಶವಿಲ್ಲದ ಮುಷ್ಟಿಗೆ ಹುಲ್ಲು ತುರುಕಿ, ಎಡಗೈಯಿಂದ ಆ ಕೈಯನ್ನು ಎತ್ತಿ ತಂತಿಯತ್ತ ಚಾಚುತ್ತಿದ್ದ. ತಂತಿಯ ಕೆಳಗೆ ಮುಂಗುಸಿಯೊಂದು ಸೆಟೆದು ಬಿದ್ದಿತ್ತು. ಸೊಂಟ ಹಿಡಿದು ಹಿಂದಕ್ಕೆಳೆದೆ, ಇಬ್ಬರೂ ಬಿದ್ದೆವು.

"ನಮ್ದ್ರಲ್ಲಿ ಕರೆಂಟಿಲ್ಲ ಕಣವ್ವ" ಎಂದ, ತಪ್ಪೆಲ್ಲ ನಮ್ಮ ಬೇಲಿಯದೇ ಎಂಬಂತೆ.

ಬೈದೆ, ಅತ್ತುಬಿಟ್ಟೆ. ಹುಲ್ಲು ಬಿಡಿಸಲು ಹೋದರೆ ಬೆರಳು ಇನ್ನೂ ಬಿಗಿದುಕೊಂಡವು. ಜೋರು ಮಾಡಬಾರದು ಎಂದು ಫಿಸಿಯೋಥೆರಪಿಯಾಕೆ ಹೇಳಿದ್ದರಿಂದ ಹಾಗೇ ಬಿಟ್ಟೆ. ಮರುದಿನ ಚಾಮರಾಜನಗರದಲ್ಲಿ ಪಟ್ಟಿ ಅಂಟಿಸಿ ಕರೆಂಟು ಬಿಟ್ಟಾಗ ಮುಷ್ಟಿ ಬಿಚ್ಚಿತು, ಎಸಳು ನೆಲಕ್ಕೆ ಬಿತ್ತು. ಅಪ್ಪ ಬಗ್ಗಿ ಅದನ್ನೇ ನೋಡಿದ.

"ಒಣಗ್ಬುಟ್ಟದೆ" ಎಂದ. "ಹಸೀದೇ ಆಗ್ಬೇಕು."