ಪೀರನವಾಡಿಗೆ ಎರಡು ಟಿಕೆಟ್

ಹೋದ ತಿಂಗಳು ನಾನೂ ನನ್ನ ಹೆಂಡತಿ ಶಾಂತಾಳೂ ಬಸ್ಸಿನಲ್ಲಿ ಪೀರನವಾಡಿಗೆ ಹೋಗಿ, ಚಹಾ ಕುಡಿದು, ತಿರುಗಿ ಬಂದೆವು. ಅಲ್ಲಿ ನಮಗೆ ಕೆಲಸವೂ ಇರಲಿಲ್ಲ, ನೆಂಟರೂ ಇಲ್ಲ. ಮರುದಿನ ಮತ್ತೆ ಹೋದೆವು. ಕಡೆಗೆ ಕಂಡಕ್ಟರ್ ಕೇಳಿಯೇಬಿಟ್ಟ: "ಅಲ್ಲೇನ್ ಪ್ಲಾಟ್ ನೋಡಾಕತ್ತೀರೇನ್ರಿ ಕಾಕಾ?"

ಪ್ಲಾಟ್ ಅಲ್ಲ ಮಹಾರಾಯ, ಬೆನ್ನು.

ಶಾಂತಾಳ ಬೆನ್ನುನೋವು ನಮ್ಮ ಟಿಳಕವಾಡಿಯ ಮನೆಗೆ ಬಂದು ವರ್ಷಗಳಾದವು. ರೇಷನ್ ಕಾರ್ಡಿನಲ್ಲಿ ಅದರ ಹೆಸರು ಸೇರಿಸುವುದೊಂದು ಬಾಕಿ. ಸ್ಕ್ಯಾನ್ ಆಯಿತು, ಬೆಲ್ಟ್ ಆಯಿತು, ಮಾತ್ರೆ ಆಯಿತು. ನಾನೂ ಸುಮ್ಮನಿರಲಿಲ್ಲ. ಅವಳು ಕೊಡ ಮುಟ್ಟಿದರೆ ಕಸಿದುಕೊಂಡೆ, ಬಗ್ಗಿದರೆ ಗದರಿದೆ, ಖಾನಾಪುರದಲ್ಲಿರುವ ಅವಳ ತಂಗಿಯ ಮನೆಗೆ ಹೋಗುವುದನ್ನು ಸಂಪೂರ್ಣ ನಿಷೇಧಿಸಿದೆ. (ಆದೇಶ ಹೊರಡಿಸುವಾಗ ನನ್ನ ದನಿ ಜಿಲ್ಲಾಧಿಕಾರಿಗಳಿಗಿಂತ ಗಂಭೀರ.) ಪ್ರೀತಿ ಎಂದರೆ ಇದೇ ಅಲ್ಲವೇ?

ಅಲ್ಲವಂತೆ.

ಫಿಸಿಯೋಥೆರಪಿಯ ಹುಡುಗಿ ಶಾಂತಾಳನ್ನು ಕೇಳಿದ್ದು ನೋವು ಎಷ್ಟಿದೆ ಎಂದಲ್ಲ, ಏನು ಮಾಡುವ ಆಸೆಯಿದೆ ಎಂದು. ಉತ್ತರಿಸಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಶಾಂತಾಳೇ ಅಂದಳು: "ತಂಗಿಗೆ ಮೊಮ್ಮಗ ಹುಟ್ಟ್ಯಾನ್ರೀ. ಹೋಗಿ ಒಮ್ಮಿ ಎತ್ಕೋಬೇಕು."

ಮನೆಯಲ್ಲಿ ಇದನ್ನು ಹೇಳಿರಲಿಲ್ಲ. (ನಾನು ಹೇಳಗೊಟ್ಟಿದ್ದರೆ ತಾನೇ?)

ಹುಡುಗಿ ಸಾವಕಾಶವಾಗಿ ತಿಳಿಸಿ ಹೇಳಿದಳು. ನೋವು ಪೂರ್ತಿ ಹೋಗದೆಯೂ ಇರಬಹುದು. ಆದರೆ ನೋವಾದಾಗಲೆಲ್ಲ ಒಳಗೇನೋ ಮುರಿಯುತ್ತಿದೆ ಎಂದು ಅರ್ಥವಲ್ಲ. ಅಂಜಿ ಕೂತಷ್ಟೂ ಬೆನ್ನು ಬಿಗಿಯುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಮನೆಯಲ್ಲಿ ಸಣ್ಣ ಅಕ್ಕಿಚೀಲ ಎತ್ತಿ ಇಳಿಸುವುದು. ಬಸ್ಸಿನಲ್ಲಿ ಮೊದಲು ಅದೇ ದಾರಿಯಲ್ಲಿ ಹತ್ತಿರವೇ ಸಿಗುವ ಪೀರನವಾಡಿ, ಆಮೇಲೆ ಖಾನಾಪುರ.

ಶಾಂತಾ ಅಲ್ಲೇ ತಯಾರಾಗಿದ್ದಳು. ತಯಾರಿಲ್ಲದವನು ಯಾರು ಎಂಬುದು ಹುಡುಗಿಗೆ ಹೊಳೆಯಿತೆಂದು ಕಾಣುತ್ತದೆ.

"ಕಾಕಾರ, ನಿಮಗೂ ಒಂದು ವ್ಯಾಯಾಮ ಐತ್ರಿ. ಕಾಕೂ ಏನರ ಎತ್ತುವಾಗ ಎರಡೂ ಕೈ ಹಿಂದ ಕಟ್ಕೊಂಡು ನಿಂದರ್ರಿ."

ಕಳೆದ ರವಿವಾರ ಖಾನಾಪುರ ಮುಟ್ಟಿದೆವು. ಬಸ್ಸು ಕುಲುಕಿದಾಗಲೆಲ್ಲ ನಾನು ಅವಳ ಮುಖ ನೋಡಿದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ತಂಗಿ ಕೂಸನ್ನು ಎದೆಗವಚಿಕೊಂಡು ಹಿಂದೆ ಸರಿದಳು. "ಬ್ಯಾಡಕ್ಕಾ, ಬೆನ್ನು ನೋಯ್ತೈತಿ."

"ನೋಯ್ತೈತಿ. ನನಗ ಗೊತ್ತೈತಿ. ಕೂಸು ಕೊಡಿಲ್ಲಿ."

ಕೊಟ್ಟಳು. ಶಾಂತಾಳ ಹುಬ್ಬು ಒಂದು ಕ್ಷಣ ಗಂಟಿಕ್ಕಿತು. ಕೂಸು ಅವಳ ಮೂಗು ಹಿಡಿದು ಎಳೆಯಿತು. ಗಂಟು ಸಡಿಲವಾಯಿತು.

ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತೇ ಇದ್ದೆ. ಈ ವಯಸ್ಸಿನವನಿಗೆ ಇಷ್ಟು ಕಠಿಣ ವ್ಯಾಯಾಮವನ್ನು ಬರೆದುಕೊಡುತ್ತಾರೆಯೇ?