ಹೆಂಡತಿ ಬಿಡಲಿಲ್ಲವೆಂದು ನಿಂತ ದಂಡಯಾತ್ರೆ

ಕಾಬ್ರಮೊಂತಿನ ದೊರೆ ಗೌಸ್ಬೆರ್ಟನಿಗೆ ಜೆರೂಸಲೇಮಿನ ದಾರಿ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಎಲ್ಲಿ ಹಡಗು ಹತ್ತಬೇಕು, ಯಾವ ಊರಿನ ಬಾವಿಯ ನೀರು ಉಪ್ಪು, ಯಾವ ಕಣಿವೆಯಲ್ಲಿ ಶತ್ರು ಹೊಂಚು ಹಾಕುತ್ತಾನೆ, ಎಲ್ಲವನ್ನೂ ಊಟದ ಮೇಜಿನ ಮೇಲೆ ರೊಟ್ಟಿ ಚೂರು, ಹಂದಿ ಮೂಳೆ ಜೋಡಿಸಿ ತೋರಿಸುತ್ತಿದ್ದ. ಒಂದೇ ಕೊರತೆಯೆಂದರೆ ಅವನು ಅಲ್ಲಿಗೆ ಹೋಗಿರಲಿಲ್ಲ. ಜೆರೂಸಲೇಮ್ ಹಾಗಿರಲಿ, ಹೊಳೆಯಾಚೆಯ ಸಂತೆಗೆ ಹೋಗಿಬಂದರೂ ಅವನಿಗೆ ಎರಡು ದಿನ ಹೊಟ್ಟೆ ಕೆಡುತ್ತಿತ್ತು.

ವಂಶವೇ ಹಾಗೆ. ಅವನ ಅಜ್ಜ ಬೇಟೆಯಲ್ಲಿ ಓಡಿಹೋಗುತ್ತಿದ್ದಾಗ ಬೇರಿಗೆ ಎಡವಿ, ತನ್ನ ಒಡೆಯನಾದ ಕೌಂಟನ ಮೇಲೆ ನುಗ್ಗುತ್ತಿದ್ದ ಕಾಡುಹಂದಿಗೆ ಅಡ್ಡ ಬಿದ್ದ. ಕೌಂಟ್ ಬದುಕಿದ, ಅಜ್ಜನಿಗೆ ಗುಡ್ಡದ ಮೇಲೊಂದು ಕಲ್ಲಿನ ಗೋಪುರ, ಕೆಳಗೆ ನಲವತ್ತು ಒಕ್ಕಲು ಸಿಕ್ಕಿತು. ಎಡವಿದ್ದು ಮಗನ ಕಾಲಕ್ಕೆ ಹಾರಿದ್ದಾಯಿತು, ಮೊಮ್ಮಗನ ಕಾಲಕ್ಕೆ ಸಿಂಹದಂತೆ ಎಗರಿದ್ದಾಯಿತು. ಒಂದು ಹಂದಿ ಏಳು ಹಂದಿಯಾಯಿತು. ಅಪ್ಪ ಅಕ್ರೋಟ ಮರದಿಂದ ಬಿದ್ದು ಸತ್ತ. ಮನೆಯವರು ಹೇಳುವ ಕಥೆಯಲ್ಲಿ ಆ ಮರ ಶತ್ರುವಿನ ಕೋಟೆಯಾಗಿ ಬೆಳೆಯಿತು.

ಈ ಪರಂಪರೆಗೆ ಗೌಸ್ಬೆರ್ಟ್ ಸೇರಿಸಿದ್ದು ಬಲಭುಜದ ಮೇಲಿನ ಕೆಂಪು ಶಿಲುಬೆ. ಇಪ್ಪತ್ತೆರಡು ವರ್ಷದ ಹಿಂದೆ ಮಠದ ಬಯಲಿನಲ್ಲಿ ಪ್ರವಚನಕಾರನೊಬ್ಬ ಪವಿತ್ರ ಭೂಮಿಯ ಪಾಡು ಹೇಳಿ ಎತ್ತುಗಳ ಕಣ್ಣಲ್ಲೂ ನೀರು ತರಿಸಿದ ದಿನ, ಇವನು ನಾಲ್ಕು ಬಟ್ಟಲು ದ್ರಾಕ್ಷಾರಸದ ಭಕ್ತಿಯಲ್ಲಿ ಮುನ್ನುಗ್ಗಿ ಯುದ್ಧಯಾತ್ರೆಯ ಹರಕೆ ಹೊತ್ತು, ಅದರ ಗುರುತಾದ ಶಿಲುಬೆ ಹೊಲಿಸಿಕೊಂಡ. ಮರುದಿನ ಬೆಳಗ್ಗೆ ಭಕ್ತಿ ಇಳಿದಿತ್ತು, ಶಿಲುಬೆ ಉಳಿದಿತ್ತು.

ಆದರೆ ಮದುವೆಯಾದ ಗಂಡಸು ಹೆಂಡತಿಯ ಒಪ್ಪಿಗೆಯಿಲ್ಲದೆ ಆ ಯಾತ್ರೆಗೆ ಹೊರಡುವಂತಿಲ್ಲವೆಂಬುದು ಚರ್ಚಿನ ಕಟ್ಟಳೆ. ಗೌಸ್ಬೆರ್ಟನಿಗೆ ಓದು ಬರುತ್ತಿರಲಿಲ್ಲ. ಜನ್ಮದಲ್ಲಿ ಕಲಿತ ಶಾಸ್ತ್ರ ಇದೊಂದೇ.

"ನಾನೇನೋ ಒಂದು ಕಾಲು ಕುದುರೆ ರಿಕಾಪಿನಲ್ಲೇ ಇಟ್ಕೊಂಡಿದೀನಪ್ಪ," ಎಂದು ಬಂದವರೆದುರು ನಿಟ್ಟುಸಿರು ಬಿಡುತ್ತಿದ್ದ. "ಏನ್ಮಾಡೋದು, ಇನ್ನೊಂದು ಕಾಲು ಇವಳು ಹಿಡ್ಕೊಂಡು ಅಳ್ತಾಳೆ."

ಅವನ ಹೆಂಡತಿ ಐಗ್ಲಿನಾ ಅತ್ತಿದ್ದು ಹೆರಿಗೆ ಕೋಣೆಯಲ್ಲಿ ಮಾತ್ರ. ಹೋಗಲೇ ಎಂದು ಗಂಡ ಅವಳನ್ನು ಒಂದು ದಿನವೂ ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನ ಹೊಟ್ಟೆ ಒಂಬತ್ತು ನಿಲುವಂಗಿಗಳನ್ನು ಹಿಗ್ಗಿಸಿ ಹರಿದಿತ್ತು. ಒಂಬತ್ತು ಸಲವೂ ಅವಳೇ ಶಿಲುಬೆ ಬಿಚ್ಚಿ ಹೊಸದಕ್ಕೆ ಹೊಲಿದಿದ್ದಳು. ಚರ್ಚಿನಲ್ಲಿ ಯೋಧನೆಂದು ಅವನಿಗೆ ಮುಂದಿನ ಜಾಗ, ಯೋಧನನ್ನು ಒಲೆಗೆ ಕಟ್ಟಿಹಾಕಿದವಳೆಂದು ಅವಳಿಗೆ ಹೆಂಗಸರ ಓರೆನೋಟ. ಇಬ್ಬರು ಹೆಣ್ಣುಮಕ್ಕಳಿಗೆ ಒಳ್ಳೆಯ ಮನೆ ಸಿಗುವವರೆಗೆ ಅಪ್ಪನ ಮಾನ ಉಳಿಯಲಿ ಎಂದು ಅವಳು ನುಂಗಿಕೊಂಡಳು. ಆಮೇಲೆ ನುಂಗುವುದೇ ಅಭ್ಯಾಸವಾಯಿತು.

ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಬಿಷಪ್ಪರ ಆಜ್ಞೆ ಬಂತು: ಶಿಲುಬೆ ತೊಟ್ಟೂ ಹೊರಡದವರು ಈಸ್ಟರ್ ಕಳೆಯುತ್ತಲೇ ಹೊರಡಬೇಕು, ಇಲ್ಲವೇ ಬದಲಿಯಾಗಿ ಒಬ್ಬನನ್ನು ಕಳಿಸಬೇಕು. ಎರಡೂ ಮಾಡದವನಿಗೆ ಚರ್ಚಿನ ಬಾಗಿಲು ಮುಚ್ಚುತ್ತದೆ, ಸತ್ತರೆ ಅಲ್ಲಿ ಸಮಾಧಿಯಿಲ್ಲ.

ಗೌಸ್ಬೆರ್ಟ್ ಮೂರು ದಿನ ಚಿಂತೆ ಮಾಡಿದ. ಅಂದರೆ ಮೂರು ಬಾತುಕೋಳಿ ತಿಂದ. ನಾಲ್ಕನೆಯ ದಿನ ಊಟದ ನಡುವೆ ಮುಖ ಅರಳಿತು.

"ಪೋನ್ಸ್ ಹೋಗ್ಲಿ!"

ಪೋನ್ಸ್ ಅವರ ಒಬ್ಬನೇ ಮಗ, ಹದಿನೆಂಟರವನು. ಚೆಸ್ಟ್‌ನಟ್ ಮರಗಳಿಗೆ ಕಸಿ ಕಟ್ಟುವುದರಲ್ಲಿ ಎತ್ತಿದ ಕೈ. ಅವನು ಕಸಿ ಕಟ್ಟಿದ ಊರುಗೋಲೂ ಕಾಯಿ ಬಿಡುತ್ತದೆಂದು ಒಕ್ಕಲುಗಳು ಆಣೆ ಇಡುತ್ತಿದ್ದರು. ಕತ್ತಿ ಹಿಡಿದರೆ ಮಾತ್ರ ತನ್ನ ಕಾಲಿಗೇ ಹೊಡೆದುಕೊಳ್ಳುವವನು. ಹಿಂದಿನ ಸಲ ಊರಿನ ಕಣಿವೆಯಿಂದ ಹನ್ನೊಂದು ಮಂದಿ ಯುದ್ಧಕ್ಕೆ ಹೋಗಿ ಒಬ್ಬ ವಾಪಸಾಗಿದ್ದ, ಅದೂ ಮೂಗಿಲ್ಲದೆ.

"ಅವನು ಸತ್ತೋಗ್ತಾನೆ ರೀ," ಎಂದಳು ಐಗ್ಲಿನಾ.

"ಸತ್ರೆ ನೇರ ಸ್ವರ್ಗ ಕಣೇ! ಇಲ್ಲಿದ್ರೆ ಏನ್ಮಾಡ್ತಾನೆ? ಕೊಂಬೆ ಕುಯ್ಕೊಂಡು ಮಣ್ಣು ಮೆತ್ಕೊಂಡು ಓಡಾಡ್ತಾನೆ. ನನ್ನ ಅಜ್ಜ ಏಳು ಹಂದಿ..."

"ಒಂದು ಹಂದಿ. ಅದೂ ಎಡವಿ."

"ನೋಡು, ವಂಶದ ವಿಷಯಕ್ಕೆ ಬರ್ಬೇಡ!" ಗೌಸ್ಬೆರ್ಟ್ ಕೋಳಿ ಕಾಲನ್ನು ಕತ್ತಿಯಂತೆ ಎತ್ತಿದ. "ಅವನಿಗೆ ಹೆಂಡ್ತಿ ಇಲ್ಲ, ಹಾಗಾಗಿ ತಡೆಯೋರೂ ಇಲ್ಲ. ತಾಯಿ ಒಪ್ಪಬೇಕು ಅಂತ ಕಟ್ಟಳೇಲಿ ಎಲ್ಲಿದೆ?"

ಅದು ನಿಜವಾಗಿತ್ತು. ಹೆಂಡತಿಗೆ ಕೊಟ್ಟ ಹಕ್ಕನ್ನು ಕಟ್ಟಳೆ ತಾಯಿಗೆ ಕೊಟ್ಟಿರಲಿಲ್ಲ. ಐಗ್ಲಿನಾ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತಳು. ಅವಳನ್ನು ಸಾಕಿ, ಅವಳ ಜೊತೆಯಲ್ಲೇ ಈ ಮನೆಗೆ ಬಂದಿದ್ದ ಮುದುಕಿ ಬ್ರೂನಾ ಗಂಜಿ ತಿರುವುತ್ತಲೇ ಕೇಳಿದಳು:

"ದೊರೆಗಳು ಯಾಕಂತೆ ಹೋಗಲ್ಲ?"

"ನಾನು ಬಿಡ್ತಿಲ್ವಂತೆ."

"ಹೌದಾ?" ಬ್ರೂನಾ ಸೌಟು ನೆಕ್ಕಿ ಉಪ್ಪು ನೋಡಿದಳು. "ಬಿಡಿ ಮತ್ತೆ. ಹಿಡ್ಕೊಂಡು ಏನು ಸುಖ ಕಂಡ್ರಿ?"

ಐಗ್ಲಿನಾ ಒಲೆಗೆ ಇನ್ನೊಂದು ಸೌದೆ ತಳ್ಳಿದಳು. ಆ ದಿನ ಮೊದಲ ಸಲ ನಕ್ಕಳು.

ಭಾನುವಾರ ಬಿಷಪ್ಪರ ಕಡೆಯಿಂದ ರೈನಾಲ್ ಎಂಬ ಸನ್ಯಾಸಿ ಬಂದ. ಗಾಳಿ ಬೀಸಿದರೆ ಹಾರಿಹೋಗುವಷ್ಟು ಸಣಕಲು, ದನಿ ಮಾತ್ರ ಚರ್ಚಿನ ಗಂಟೆ. ಪೂಜೆ ಮುಗಿದ ಮೇಲೆ ಊರೆಲ್ಲ ನಿಂತಿರುವಾಗಲೇ ಗೌಸ್ಬೆರ್ಟ್ ಎದ್ದು, ಕಣ್ಣೊರೆಸಿಕೊಂಡು, ತನ್ನ ಕರುಳ ಕುಡಿಯನ್ನೇ ದೇವರ ಯುದ್ಧಕ್ಕೆ ಧಾರೆ ಎರೆಯುತ್ತೇನೆಂದ. ಕಂಬದ ಪಕ್ಕ ಪೋನ್ಸ್ ಬಿಳಿಚಿಕೊಂಡು ನಿಂತಿದ್ದ.

"ಹರಕೆ ಹೊತ್ತೋರು ನೀವು," ಎಂದ ರೈನಾಲ್. "ನೀವ್ಯಾಕೆ ಹೋಗ್ತಿಲ್ಲ? ಕಾಯಿಲೆಯೇ?"

"ಕಾಯಿಲೆಯೇ! ಕಬ್ಬಿಣ ಅರಗಿಸ್ಕೋತೀನಿ ಗುರುಗಳೇ! ನಾನು ಅಲ್ಲಿ ಕಾಲಿಟ್ಟಿದ್ರೆ ಯುದ್ಧ ಎಂದೋ ಮುಗಿದಿರೋದು." ಗೌಸ್ಬೆರ್ಟ್ ಹೆಂಡತಿಯತ್ತ ಕೈ ತೋರಿಸಿದ. "ಇವಳು ಒಪ್ಪಲ್ಲ. ಕಟ್ಟಳೆ ಮೀರೋದು ಹ್ಯಾಗೆ?"

ಹೆಂಗಸರ ಸಾಲು ಎಂದಿನಂತೆ ತಿರುಗಿ ಅವಳನ್ನು ನೋಡಿತು.

"ಏನಮ್ಮ, ನಿಜವೇ?"

"ಅಲ್ಲ ಗುರುಗಳೇ," ಎಂದಳು ಐಗ್ಲಿನಾ. "ಇಪ್ಪತ್ತೆರಡು ವರ್ಷದಿಂದ ನನ್ನನ್ನ ಯಾರೂ ಕೇಳಿರ್ಲಿಲ್ಲ. ಇವತ್ತು ನೀವು ಕೇಳಿದ್ರಿ. ನನ್ನ ಪೂರ್ತಿ ಒಪ್ಪಿಗೆ ಇದೆ. ಹೋಗ್ಲಿ."

ಹೋಗಿಬರಲಿ ಎನ್ನಲಿಲ್ಲವೆಂಬುದನ್ನು ಬ್ರೂನಾ ಒಬ್ಬಳೇ ಗಮನಿಸಿದಳು.

ಚರ್ಚಿನಲ್ಲಿ ಸೊಳ್ಳೆ ಸೀನಿದ್ದರೂ ಕೇಳಿಸುತ್ತಿತ್ತು. "ಲೇ, ಏನಂತಿದೀಯೆ?" ಎಂದು ಗೌಸ್ಬೆರ್ಟ್ ಪಿಸುಗುಟ್ಟಿದ. ಆಮೇಲೆ ಸನ್ಯಾಸಿಯತ್ತ ತಿರುಗಿದ. "ಗುರುಗಳೇ, ನನ್ನ ಮಂಡಿ ಸ್ವಲ್ಪ..."

"ಹಡಗಿನಲ್ಲಿ ಕೂತೇ ಹೋಗೋದು," ಎಂದ ರೈನಾಲ್. "ಕಬ್ಬಿಣ ಅರಗಿಸಿಕೊಳ್ಳೋ ದೊರೆ ಇರುವಾಗ ಬದಲಿ ಯಾಕೆ? ಮಗ ಮನೇಲಿರಲಿ." ಹಿಂದಿನಿಂದ ಯಾರೋ "ದೇವರು ದೊಡ್ಡೋನು!" ಎಂದು ಕೂಗಿದರು. ದೊರೆಗೆ ಜೈಕಾರ ಬಿತ್ತು. ಅದನ್ನು ಹೇಗೆ ನಿಲ್ಲಿಸಬೇಕೆಂದು ಗೌಸ್ಬೆರ್ಟನಿಗೆ ತಿಳಿಯಲಿಲ್ಲ. ಅದುವರೆಗೆ ನಿಲ್ಲಿಸುವ ಪ್ರಮೇಯವೇ ಬಂದಿರಲಿಲ್ಲ.

ಹತ್ತನೆಯ ಸಲ ಹೊಸ ನಿಲುವಂಗಿಗೆ ಶಿಲುಬೆ ಹೊಲಿಯಲು ಐಗ್ಲಿನಾ ಮೋಚಿಯಿಂದ ಮೇಣದ ದಾರ ತರಿಸಿದಳು. ಎತ್ತು ಕಟ್ಟಿ ಎಳೆದರೂ ಬಿಚ್ಚುವಂತಿರಲಿಲ್ಲ.

"ಒಂದು ಸಲ ಬೇಡ ಅನ್ನೇ," ಎಂದು ಅವನು ಹೊರಡುವ ಬೆಳಗಿನವರೆಗೂ ಅಂಗಲಾಚಿದ. "ಅತ್ತರೂ ಸಾಕು."

"ಅಳ್ತಿದ್ದೆನಲ್ಲ ರೀ, ಇಪ್ಪತ್ತೆರಡು ವರ್ಷ," ಎಂದಳು ಅವಳು ದಾರ ಕಚ್ಚಿ ತುಂಡರಿಸುತ್ತ. "ಕಣ್ಣೀರು ಮುಗಿದುಹೋಯ್ತು."

ಅವನನ್ನು ಕುದುರೆ ಹತ್ತಿಸಲು ಆರು ಜನ, ಕುದುರೆಯನ್ನು ಸಮಾಧಾನಪಡಿಸಲು ಇಬ್ಬರು ಬೇಕಾದರು. ಗುಡ್ಡ ಇಳಿದು ಕವಲುದಾರಿಗೆ ಬಂದಾಗ, ಜೆರೂಸಲೇಮಿನ ಬಾವಿಗಳ ಉಪ್ಪು ಬಲ್ಲ ದೊರೆ ಕುದುರೆಯನ್ನು ಎಡಕ್ಕೆ, ಹಂದಿದೊಡ್ಡಿಯ ಕಡೆ ತಿರುಗಿಸಿದ. ತೋಟದಲ್ಲಿದ್ದ ಪೋನ್ಸ್ ಕಸಿಚಾಕು ಸೊಂಟಕ್ಕೆ ಸಿಕ್ಕಿಸಿ ಓಡಿಬಂದು, ಲಗಾಮು ಹಿಡಿದು, ಅಪ್ಪನನ್ನು ಸಮುದ್ರದ ದಾರಿಗೆ ಹಚ್ಚಿ, ಮತ್ತೆ ತನ್ನ ಮರದ ಹತ್ತಿರ ಹೋದ.