ದಾರಿಯಲ್ಲಿ ಕೈಬಿಡದ ಗಾಡಿ

ಹೋದ ವಾರ ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಸುಟ್ಟ ರಬ್ಬರಿಗೂ ಸೀದುಹೋದ ಕಡಲೆಬೀಜಕ್ಕೂ ನಡುವಿನ ವಾಸನೆ. ಕಾರು ಓಡಿಸುವವರಿಗೆ ಗೊತ್ತಿರುತ್ತದೆ, ಅದು ಕ್ಲಚ್ಚು ಸುಡುವ ವಾಸನೆ. ನನ್ನ ಕೈ ತನ್ನಷ್ಟಕ್ಕೆ ತಾನೇ ಹ್ಯಾಂಡ್‌ಬ್ರೇಕಿನ ಮೇಲೆ ಹೋಯಿತು. ಪಕ್ಕದ ಸೀಟಿನಲ್ಲಿ ಒರಗಿದ್ದ ಅಕ್ಕ ಕಣ್ಣು ತೆರೆಯದೆಯೇ, "ನಮ್ಮದಲ್ಲ ಕಣೋ, ಮುಂದಿನವರದು" ಎಂದಳು. ನಿಜ, ನಮ್ಮದಲ್ಲ. ಆದರೂ ಹನುಮಂತನಗರದ ನಮ್ಮ ಮನೆ ತಲುಪುವವರೆಗೆ ನಾನು ಗಾಳಿ ಮೂಸುತ್ತಲೇ ಇದ್ದೆ.

ನಾನು ಹುಟ್ಟಾ ಪುಕ್ಕಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ನನ್ನ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ತಿಲಕ್ ನಗರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಪಾಠದ ನಡುವೆ ಸೀಲಿಂಗ್ ಫ್ಯಾನು ಸ್ವಲ್ಪ ಕಿರುಗುಟ್ಟಿದರೂ ಮೇಜಿನ ಈ ಬದಿಯಿಂದ ಆ ಬದಿಗೆ ಸರಿಯುತ್ತೇನೆ. ಮಾತ್ರೆ ನುಂಗುವ ಮುಂಚೆ ಡಬ್ಬಿಯೊಳಗಿನ ಚೀಟಿಯನ್ನು ಪೂರ್ತಿ ಓದಿ, ಅದರಲ್ಲಿ ಹೇಳಿದ ತೊಂದರೆಗಳನ್ನೆಲ್ಲ ಒಂದೊಂದಾಗಿ ಅನುಭವಿಸಿ, ಆಮೇಲೆ ಮಾತ್ರೆಯನ್ನು ನುಂಗದೆ ಇಟ್ಟುಬಿಡುವ ಜಾತಿ. ಇಂಥವನ ಪಾಲಿಗೆ ಕಾರು ಆರಿಸುವ ಕೆಲಸ ಬಂತು ಎಂದರೆ ನೀವೇ ಊಹಿಸಿಕೊಳ್ಳಿ.

ಕಾರು ನನಗೆ ಬೇಕಿರಲಿಲ್ಲ. ಬೇಕಾಗಿದ್ದು ಅಕ್ಕನಿಗೆ. ನನ್ನನ್ನು ಎತ್ತಿ ಆಡಿಸಿದವಳು, ಅಮ್ಮ ಹೋದಮೇಲೆ ಓದಿಸಿದವಳು, ಅಂಚೆ ಕಚೇರಿಯ ಕೌಂಟರಿನಲ್ಲಿ ಜೀವಮಾನವಿಡೀ ಕೂತು ನಿವೃತ್ತಳಾದವಳು. ಅವಳ ಕಿಡ್ನಿಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ ಜೆ.ಪಿ. ನಗರದ ಡಯಾಲಿಸಿಸ್ ಸೆಂಟರಿಗೆ ಹೋಗಬೇಕು, ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ಹೋಗುವಾಗ ಪರವಾಗಿಲ್ಲ. ಬರುವಾಗ ಬಿಪಿ ಇಳಿದು, ಕಾಲು ಸೆಟೆದು, ಮಾತಾಡಲೂ ತ್ರಾಣವಿಲ್ಲದೆ ಬರುತ್ತಾಳೆ. ಫೋನಿನಲ್ಲಿ ಕರೆದ ಕ್ಯಾಬಿನವನು ಅರ್ಧ ದಾರಿಗೆ ಬಂದು ಕ್ಯಾನ್ಸಲ್ ಮಾಡುತ್ತಿದ್ದ. ಆಟೋದವರು ಹನುಮಂತನಗರ ಎಂದರೆ ತಲೆ ಆಡಿಸಿ ಮುಂದೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಫುಟ್‌ಪಾತಿನ ಮೇಲೆ, ಎಳನೀರು ಮಾರುವವರ ಗೋಣಿಚೀಲದ ಮೇಲೆ ಅಕ್ಕನನ್ನು ಕೂರಿಸಿಕೊಂಡು ಕಾದಮೇಲೆ, ಹೇಗಾದರೂ ಸರಿ ಒಂದು ಸಣ್ಣ ಕಾರು ಕೊಳ್ಳುವುದೆಂದು ತೀರ್ಮಾನವಾಯಿತು. ನಮ್ಮ ಕೈಗೆಟಕುವ ಕಾರು ಎಂದರೆ ಇರುವುದರಲ್ಲಿ ಅಗ್ಗದ್ದೇ. ಅಗ್ಗದ್ದು ಎಂದಮೇಲೆ ಅನುಮಾನವೂ ಜೊತೆಗೇ ಬಂತು. ಇದು ದಾರಿಯಲ್ಲಿ ಕೈಬಿಟ್ಟರೆ?

ಕೇಳಿದೆ. ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಒಂದು ಕಂಪನಿ ಎಂದರು, ವಿಜ್ಞಾನದ ಮೇಡಂ ಅದರ ತಗಡು ಹಪ್ಪಳದ ಹಾಗೆ ಎಂದರು. ಇನ್ನೊಂದು ಕಂಪನಿಯ ತಗಡು ಗಟ್ಟಿ, ಆದರೆ ಒಳಗಿನ ವೈರಿಂಗು ಯಾವಾಗ ಮುನಿಸಿಕೊಳ್ಳುತ್ತದೋ ಹೇಳಲಾಗದಂತೆ. ಮತ್ತೊಂದರದು ಎಲ್ಲ ಚೆನ್ನ, ಒಂದು ಸಾಮಾನು ಕೆಟ್ಟರೆ ತಿಂಗಳುಗಟ್ಟಲೆ ಕಾಯಬೇಕು. ಯಾರನ್ನು ಕೇಳಿದರೂ ಅವರವರ ಕಾರು ಮಾತ್ರ ಬಂಗಾರ. ಮಗಳನ್ನು ಕೊಟ್ಟಮೇಲೆ ಅಳಿಯ ಸರಿಯಿಲ್ಲ ಎಂದು ಬೀದಿಯಲ್ಲಿ ಯಾರು ಹೇಳುತ್ತಾರೆ?

ಆಮೇಲೆ ಫೋನಿನಲ್ಲಿ ವಿಡಿಯೋ ನೋಡಲು ಶುರುಮಾಡಿದೆ. ಅದೇ ತಪ್ಪಾಯಿತು. ಕಾರನ್ನು ಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡುವ ವಿಡಿಯೋಗಳು. ಒಳಗೆ ಕೂರಿಸಿದ ಗೊಂಬೆಯ ಕತ್ತು ಮುಂದಕ್ಕೆ ಎರಗಿ, ಹಿಂದಕ್ಕೆ ಬಂದು, ಒಂದು ಕಡೆಗೆ ವಾಲುತ್ತದೆ. ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸುತ್ತಾರೆ. ಮೊದಮೊದಲು ಗೊಂಬೆಯೇ ಕಾಣುತ್ತಿತ್ತು. ನೋಡುತ್ತ ನೋಡುತ್ತ ಆ ಗೊಂಬೆಗೆ ಅಕ್ಕನ ಬಿಳಿ ತುರುಬು, ಹಸಿರು ಬಳೆ ಬಂದವು. ಊಟದ ಮುಂದೆ ಕೂತರೂ ಅದೇ ಕತ್ತು ವಾಲುವುದು ಕಾಣುತ್ತಿತ್ತು. ನನ್ನ ಅವಸ್ಥೆ ನೋಡಿ ಅಕ್ಕನೇ ಒಂದು ದಾರಿ ಹೇಳಿದಳು. ಕೊಳ್ಳಬೇಕೆಂದಿರುವ ಕಾರನ್ನೇ ಬಾಡಿಗೆಗೆ ತಂದು ಒಂದಷ್ಟು ದಿನ ಓಡಿಸಿ ನೋಡು, ಗೋಡೆಗೆ ಗುದ್ದುವುದನ್ನು ಆಮೇಲೆ ನೋಡೋಣ ಎಂದಳು.

ಹಾಗೆ ತಂದಿದ್ದು ಒಂದು ಹೊಸ ಮಾದರಿ. ಕ್ಲಚ್ಚು ಒಳಗೇ ಇರುತ್ತದೆ, ಕಾಲಿನಲ್ಲಿ ತುಳಿಯುವ ಕೆಲಸವಿಲ್ಲ, ಗೇರು ತಾನೇ ಬೀಳುತ್ತದೆ. ನಡುವಯಸ್ಸು ದಾಟಿದಮೇಲೆ ಡ್ರೈವಿಂಗ್ ಕಲಿತ ನನ್ನಂಥವನಿಗೆ ಹೇಳಿ ಮಾಡಿಸಿದ್ದು. ಒಂದೆರಡು ಸಲ ಹೋಗಿಬಂದೆವು, ಏನೂ ತೊಂದರೆಯಾಗಲಿಲ್ಲ. ನನಗೆ ಅಷ್ಟೇ ಸಾಕಾಯಿತು, ಮನಸ್ಸಿನಲ್ಲೇ ಬಣ್ಣವನ್ನೂ ಆರಿಸಿಬಿಟ್ಟೆ.

ಮುಂದಿನ ಸಲ ವಾಪಸ್ ಬರುವಾಗ ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಟ್ರಾಫಿಕ್ಕು ಹೆಪ್ಪುಗಟ್ಟಿತ್ತು. ಸಣ್ಣ ಏರು. ಒಂದು ಗೇಣು ಮುಂದೆ, ಮತ್ತೆ ನಿಲ್ಲು, ಮತ್ತೊಂದು ಗೇಣು. ಆಗ ಆ ವಾಸನೆ ಬಂತು. ಹೊರಗಿನಿಂದ ಇರಬೇಕೆಂದು ಗಾಜು ಏರಿಸಿದೆ, ವಾಸನೆ ಹೆಚ್ಚಾಯಿತು. ಸ್ಟೀರಿಂಗಿನ ಮುಂದೆ ಒಂದು ಕೆಂಪು ದೀಪ ಹತ್ತಿಕೊಂಡಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನು ಕಿರುಚುತ್ತದೆ, ಚಕ್ರ ತಿರುಗುವುದಿಲ್ಲ. ತಿರುಗುವುದಿಲ್ಲ ಎಂದೆನಲ್ಲ, ತಿರುಗಿತು, ಹಿಂದಕ್ಕೆ. ಕನ್ನಡಿಯ ತುಂಬ ಸಿಟಿ ಬಸ್ಸಿನ ಮೂತಿ. ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಕಾರು ನಿಂತಿತು. ಎಂಜಿನ್ನೂ ನಿಂತಿತು.

ಅಕ್ಕನ ಕಡೆ ತಿರುಗಿದರೆ ಅವಳ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ತುಟಿಯ ಮೇಲೆ ಬೆವರು. "ಯಾಕೋ ಕಣ್ಣಿಗೆ ಕತ್ತಲೆ ಬರ್ತಿದೆ ಕಣೋ" ಎಂದು ನನ್ನ ತೋಳು ಹಿಡಿದಳು. ಆ ಹಿಡಿತದಲ್ಲಿ ಬಲವೇ ಇರಲಿಲ್ಲ. ಬಾಡಿಗೆ ಕಂಪನಿಗೆ ಫೋನು ಮಾಡಿದೆ. ನಿಮ್ಮ ಕರೆ ನಮಗೆ ಮುಖ್ಯ ಎಂದು ಒಂದು ಹೆಣ್ಣು ದನಿ ಹೇಳುತ್ತಲೇ ಹೋಯಿತು. ಇಳಿದು ಯಾರನ್ನಾದರೂ ಕರೆಯೋಣವೆಂದರೆ ಅವಳನ್ನು ಒಬ್ಬಳೇ ಬಿಡಬೇಕು. ಬಿಟ್ಟು ಬರುವಷ್ಟರಲ್ಲಿ ಏನಾದರೂ ಆಗಿಬಿಟ್ಟರೆ? ಹೆದರಿಕೆ ಎಂದರೆ ನಡುಕ ಎಂದುಕೊಂಡಿದ್ದೆ. ಅಲ್ಲ. ನಿಜವಾದ ಹೆದರಿಕೆಯಲ್ಲಿ ಕೈಕಾಲು ಅಲುಗುವುದೇ ಇಲ್ಲ.

ಆಗ ಯಾರೋ ಗಾಜು ತಟ್ಟಿದರು. ಶಿವಲೀಲಾ ಮೇಡಂ. ದಾವಣಗೆರೆ ಕಡೆಯವರು, ಜೆ.ಪಿ. ನಗರದಲ್ಲಿ ಬಟ್ಟೆ ಅಂಗಡಿ. ಅವರ ಯಜಮಾನರು ರುದ್ರಪ್ಪನವರಿಗೂ ಅದೇ ಸೆಂಟರಿನಲ್ಲಿ, ಅಕ್ಕನ ಪಕ್ಕದ ಹಾಸಿಗೆಯಲ್ಲೇ ಡಯಾಲಿಸಿಸ್. ಆ ದಿನ ಮಗಳ ಮನೆಗೆಂದು ನಮ್ಮ ದಾರಿಯಲ್ಲೇ ಬಂದು, ಅದೇ ಟ್ರಾಫಿಕ್ಕಿನಲ್ಲಿ ಆ ಬಸ್ಸಿನ ಹಿಂದೆ ಸಿಕ್ಕಿಕೊಂಡಿದ್ದರು. ಒಂದು ನೋಟಕ್ಕೆ ಅವರಿಗೆ ಎಲ್ಲ ತಿಳಿಯಿತು.

"ಸರ, ನೀವು ಗಾಡಿ ಹತ್ರ ಇರ್ರಿ. ಅಕ್ಕಾರನ್ನ ನಾನು ಕರ್ಕೊಂಡು ಹೋಗ್ತೀನಿ" ಎಂದರು.

ನಾನೂ ಅವರೂ ಸೇರಿ ಅಕ್ಕನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಹೋದೆವು. ಅವರದು ಹಳೆಯ ಪುಟ್ಟ ಕಾರು, ಬಣ್ಣ ಮಾಸಿದ್ದು, ಹಿಂದಿನ ಗಾಜುಗಳನ್ನು ಕೈಯಲ್ಲಿ ತಿರುಗಿಸಿಯೇ ಇಳಿಸಬೇಕಾದದ್ದು. ಹಿಂದಿನ ಸೀಟಿನಲ್ಲಿ ಮಲಗಿಸಿದೆವು, ಬಿಪಿ ಇಳಿದವರಿಗೆ ಕಾಲು ಮೇಲಿರಬೇಕು. ಮುಂದೆ ಕೂತಿದ್ದ ರುದ್ರಪ್ಪನವರು ತಾವೇ ಇಳಿದು ಹಿಂದೆ ಹೋಗಿ ಕೂತು, ಅಕ್ಕನ ಎರಡೂ ಪಾದಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಅವರಿಗೂ ಆಗಷ್ಟೇ ಸೂಜಿ ತೆಗೆದಿದ್ದರು, ತೋಳಿನಲ್ಲಿ ಪಟ್ಟಿ ಇತ್ತು. ಅಕ್ಕ ಆ ಸ್ಥಿತಿಯಲ್ಲೂ ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು. ಹಣೆಯ ತುಂಬ ವಿಭೂತಿ ಇಟ್ಟ ಹಿರಿಯರ ಮೈಮೇಲೆ ಕಾಲಿಡುವುದೇ?

"ಇರ್ಲಿ ಬಿಡವ್ವ" ಎಂದರು ಅವರು. "ಇವತ್ತು ನಿಂದು, ನಾಳೆ ನಂದು."

ಮುಂದಿನ ತಿರುವಿನಲ್ಲಿ ಆ ಕಾರು ತಿರುಗಿ ಸೆಂಟರಿನ ಕಡೆ ಹೋಗುವುದನ್ನು ನೋಡುತ್ತ ನಿಂತೆ. ಅಲ್ಲಿ ಸಲೈನು ಹಾಕಿ ಮಲಗಿಸಿದರು, ಸಂಜೆಯ ಹೊತ್ತಿಗೆ ಅಕ್ಕ ಕಾಫಿ ಕೇಳಿದಳು. ಇತ್ತ ನನ್ನ ಬಾಡಿಗೆ ಕಾರು ಸ್ವಲ್ಪ ಹೊತ್ತು ತಣ್ಣಗಾದಮೇಲೆ, ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತು. ನಿಂತುಹೋದದ್ದಕ್ಕಿಂತ ಅದಕ್ಕೇ ನಾನು ಹೆಚ್ಚು ಹೆದರಿದೆ. ಕೆಟ್ಟಿದ್ದರೆ ಕೆಟ್ಟಿತು ಎನ್ನಬಹುದು. ಇದು ಯಾವಾಗ ಬೇಕಾದರೂ ಹೀಗೆ ಮಾಡಬಲ್ಲದು ಎಂದಾಯಿತಲ್ಲ.

ಅಂದಿನಿಂದ ನಾನು ಸ್ಟಾಫ್ ರೂಮನ್ನೂ ವಿಡಿಯೋಗಳನ್ನೂ ಬಿಟ್ಟೆ. ಸೆಂಟರಿನ ಹೊರಗೆ ಕಾಯುತ್ತ ಕೂರುವವರನ್ನು ಕೇಳತೊಡಗಿದೆ. ಅಲ್ಲಿ ಜಂಬ ಕೊಚ್ಚುವವರಿಲ್ಲ. ಮೈಲೇಜು, ಮುಂದಿನ ಟೀವಿ ಪರದೆ, ಇಂಥ ಮಾತೇ ಇಲ್ಲ. ಶಿವಲೀಲಾ ಅವರನ್ನೂ ಕೇಳಿದೆ, ನಿಮ್ಮ ಕಾರು ಹೇಗೆ ಎಂದು. ಒಮ್ಮೆ ಬ್ಯಾಟರಿ ಸತ್ತಿತ್ತಂತೆ, ಅದೂ ಮನೆಯ ಮುಂದೆಯೇ. "ಚೆಂದ ಏನಿಲ್ಲ ಸರ. ಬರ್ತೈತಿ, ಹೋಗ್ತೈತಿ. ದಾರ್ಯಾಗ ಕೈಬಿಟ್ಟಿಲ್ಲ" ಎಂದರು. ನಾನು ಕೇಳಬೇಕಾಗಿದ್ದ ಪ್ರಶ್ನೆಗೆ ಅವರು ತಾವಾಗಿ ಉತ್ತರ ಹೇಳಿದ್ದರು. ಅದೇ ಕಾರನ್ನು ಹೊಸದಾಗಿ ಕೊಳ್ಳೋಣವೆಂದು ಜಯನಗರದ ಶೋರೂಮಿಗೆ ಹೋದೆ. ಆ ಮಾದರಿಯನ್ನು ಕಂಪನಿ ನಿಲ್ಲಿಸಿಬಿಟ್ಟಿತ್ತು. ಅದರ ಬದಲು ತೋರಿಸಿದ್ದು ಗೇರು ತಾನೇ ಬೀಳುವ ಕಾರು, ನನಗೆ ಮತ್ತೆ ಹೆದರಿಕೆ ಹತ್ತಿತು. ಇವತ್ತು ನಾಳೆ ಎನ್ನುತ್ತ ತಿಂಗಳುಗಳು ಕಳೆದವು. ನಾವು ಸೆಂಟರಿನ ಬಾಗಿಲಲ್ಲಿ ಆಟೋಗಳಿಗೆ ಕೈ ತೋರಿಸುತ್ತಲೇ ಇದ್ದೆವು.

ಆ ಚಳಿಗಾಲದಲ್ಲಿ ರುದ್ರಪ್ಪನವರು ಹೋದರು. ದಾರಿಯಲ್ಲಲ್ಲ, ಸೆಂಟರಿನಲ್ಲೂ ಅಲ್ಲ, ಮನೆಯಲ್ಲಿ, ನಿದ್ದೆಯಲ್ಲಿ. ಪಕ್ಕದ ಹಾಸಿಗೆ ಖಾಲಿಯಾಗಿದ್ದನ್ನು ನೋಡಿಯೇ ಅಕ್ಕನಿಗೆ ತಿಳಿದಿದ್ದು. ಆ ದಿನ ಅವಳು ಸೂಜಿ ಚುಚ್ಚಿಸಿಕೊಳ್ಳುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು.

ತೀರಿಕೊಂಡವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಯ ದಿನ ಇಬ್ಬರೂ ಹೋಗಿದ್ದೆವು. ಊಟವಾಗಿ ಹೊರಡುವಾಗ ಶಿವಲೀಲಾ ಗೇಟಿನವರೆಗೂ ಬಂದರು. ಆ ಕಾರು ಅಲ್ಲೇ ನಿಂತಿತ್ತು, ಮೇಲೆ ಹೊಂಗೆಯ ಎಲೆ ಉದುರಿತ್ತು. ಮುಂಜಾನೆ ಎದ್ದ ಕೂಡಲೇ ಕಣ್ಣಿಗೆ ಬೀಳುತ್ತದೆ, ಕೀಲಿಗಾಗಿ ಕೈ ತಡಕುತ್ತದೆ, ಆಮೇಲೆ ನೆನಪಾಗುತ್ತದೆ ಎಂದರು. ಇದನ್ನು ದಲ್ಲಾಳಿಗೆ ಕೊಡಲು ಮನಸ್ಸಿಲ್ಲ, ಅಕ್ಕನವರಿಗಾದರೆ ಕೊಡುತ್ತೇನೆ ಎಂದರು.

ವಾಪಸ್ ಬರುವಾಗ ಆಟೋದಲ್ಲಿ ಅಕ್ಕನ ಮುಂದೆ ಬೇಡವೆಂದೆ. ಹಳೆಯದು, ಬಿಡಿಭಾಗ ಸಿಗುವುದಿಲ್ಲ, ಹಾಗೆ ಹೀಗೆ ಎಂದೆ. ನಿಜವಾದ ಕಾರಣ ಬಾಯಿಗೆ ಬರಲಿಲ್ಲ. ತೀರಿಕೊಂಡವರು ಕೂತಿದ್ದ ಸೀಟಿನಲ್ಲಿ, ಅದೇ ಕಾಯಿಲೆಯ ಅಕ್ಕನನ್ನು, ಅದೇ ದಾರಿಯಲ್ಲಿ ಕೂರಿಸಿಕೊಂಡು ಹೋಗುವುದು ಹೇಗೆ? ತರಗತಿಯಲ್ಲಿ ಮೂಢನಂಬಿಕೆಯ ಮೇಲೆ ಪ್ರಬಂಧ ಬರೆಸುವ ಮೇಷ್ಟ್ರ ಎದೆಯೊಳಗೆ ಇದು ಕೂತಿತ್ತು.

ಅಕ್ಕನಿಗೆ ನಾನು ಹೇಳದೆಯೂ ಕೇಳಿಸುತ್ತದೆ. "ಅವರು ಹೋಗಿದ್ದು ಮನೇಲಿ, ಹಾಸಿಗೆ ಮೇಲೆ" ಎಂದಳು. "ಆ ಹಾಸಿಗೆ ಕೊಟ್ರೆ ಬೇಡ ಅನ್ನು. ಕಾರು ಯಾಕೆ ಬೇಡ? ಆ ಮನುಷ್ಯನ್ನ ಅದು ಒಂದು ದಿನಾನೂ ದಾರೀಲಿ ಬಿಡ್ಲಿಲ್ಲ."

ಇಟ್ಟಮಡುವಿನ ಗ್ಯಾರೇಜಿನಲ್ಲಿ ತೋರಿಸಿದೆವು, ಟೈರು ಬದಲಾಯಿಸಿದೆವು, ಕಾರು ನಮ್ಮ ಮನೆಗೆ ಬಂತು. ಮೊದಲ ದಿನ ಅಕ್ಕ ಮುಂದಿನ ಸೀಟಿನಲ್ಲಿ ಕೂತು, ಸೀಟನ್ನು ಹಿಂದಕ್ಕೆ ಸರಿಸಲು ನೋಡಿದಳು. ಅದು ಆಗಲೇ ಹಿಂದಕ್ಕಿತ್ತು, ಕಾಲು ಚಾಚಲು ಬೇಕಾದಷ್ಟು. ರುದ್ರಪ್ಪನವರಿಗೂ ಕಾಲು ಸೆಟೆಯುತ್ತಿತ್ತು. ಅವಳು ಸೀಟನ್ನು ಹಾಗೇ ಬಿಟ್ಟಳು.

ಇದು ಎರಡನೆಯ ವರ್ಷ. ಕಾರು ಬರುತ್ತದೆ, ಹೋಗುತ್ತದೆ. ಇದು ಸ್ಟಾರ್ಟ್ ಆಗದಿದ್ದರೆ ಎಂಬ ಹೆದರಿಕೆ ನನ್ನಿಂದ ಹೆಚ್ಚುಕಡಿಮೆ ಹೋಗಿದೆ. ಅದರ ಜಾಗದಲ್ಲಿ ಬೇರೊಂದು ಬಂದು ಕೂತಿದೆ, ಅದನ್ನು ಯಾವ ಗ್ಯಾರೇಜಿಗೂ ಒಯ್ಯುವಂತಿಲ್ಲ. ಒಂದು ಮುಂಜಾನೆ ಈ ಕಾರು ಚೆನ್ನಾಗಿಯೇ ಇರುತ್ತದೆ, ಕೀಲಿ ನನ್ನ ಕೈಯಲ್ಲಿರುತ್ತದೆ, ಆದರೆ ಹೋಗಬೇಕಾದ ಜಾಗವೇ ಇರುವುದಿಲ್ಲ. ಶಿವಲೀಲಾ ಗೇಟಿನ ಬಳಿ ಅಂದು ಏನು ಹೇಳಿದ್ದರೆಂದು ಈಗ ನನಗೆ ಪೂರ್ತಿ ಅರ್ಥವಾಗಿದೆ.

ಇವತ್ತು ಶನಿವಾರ. ಇಷ್ಟು ಬರೆಯುವಷ್ಟರಲ್ಲಿ ಕೆಳಗಿನಿಂದ ಕಾರಿನ ಬಾಗಿಲು ಹಾಕಿಕೊಂಡ ಸದ್ದಾಯಿತು. ಅಕ್ಕ ಆಗಲೇ ಇಳಿದುಹೋಗಿ, ಬೆಲ್ಟು ಹಾಕಿಕೊಂಡು ಕೂತಿದ್ದಾಳೆ. "ಬರ್ತೀಯೋ, ನಾನೇ ಓಡಿಸ್ಕೊಂಡು ಹೋಗ್ಲೋ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಾಳೆ. ಅವಳಿಗೆ ಡ್ರೈವಿಂಗ್ ಬರುವುದಿಲ್ಲ. ಕೀಲಿ ಕೈಗೆತ್ತಿಕೊಂಡೆ, ಆದರೆ ಏಳಲಿಲ್ಲ, ಆ ದನಿ ಇನ್ನೊಂದು ಸಲ ಕೂಗಲಿ ಎಂದು.